ಪ್ರಸಂಗ ಮತ್ತು ಅಧಿಕಪ್ರಸಂಗ



2025ರ ಜುಲೈ 7ರಂದು ಅಮೆರಿಕದ ತೆರಿಗೆ ಇಲಾಖೆಯು ಟೆಕ್ಸಸ್‌ನ ಫೆಡರಲ್ ನ್ಯಾಯಾಲಯವೊಂದಕ್ಕೆ ಒಂದು ಮನವಿಯನ್ನು ಸಲ್ಲಿಸಿತು. ವಿಚಿತ್ರವೆಂದರೆ, ತನ್ನ ಮೇಲೆ ದಾವೆ ಹೂಡಿದ್ದವರ ಜೊತೆಗೂಡಿಯೇ ಅದನ್ನು ಸಲ್ಲಿಸಿತು. ಪ್ರಾರ್ಥನಾಲಯವೊಂದು ತನ್ನ ಆರಾಧನೆಯ ಸಂದರ್ಭದಲ್ಲಿ, ತನ್ನ ರೂಢಿಯ ಮಾರ್ಗದಲ್ಲಿ, ತನ್ನ ಸಭಿಕರಿಗೆ ನಂಬಿಕೆಯ ದೃಷ್ಟಿಯಿಂದ ಚುನಾವಣಾ ರಾಜಕೀಯದ ಬಗ್ಗೆ ಹೇಳಿದರೆ ಅದು 1954ರ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ; ಕುಟುಂಬದೊಳಗೆ ಅಭ್ಯರ್ಥಿಗಳನ್ನು ಕುರಿತು ನಡೆಯುವ ಮಾತುಕತೆಯಂತೆ ಅದನ್ನು ಕಾಣಬೇಕು ಎಂಬುದು ಆ ಮನವಿಯ ತಾತ್ಪರ್ಯ. ದಾವೆ ಹೂಡಿದ್ದ ಎರಡು ಟೆಕ್ಸಸ್ ಚರ್ಚುಗಳ ಮಟ್ಟಿಗೆ ಎಂದು ಬರೆದಿದ್ದರೂ ದೇಶದ ಹಲವು ಪಾದ್ರಿಗಳು ಅದನ್ನು ತಮಗೆ ಸಿಕ್ಕ ಅನುಮತಿಯೆಂದೇ ಓದಿಕೊಂಡರು.

ಮರುದಿನ, ಜುಲೈ 8ರಂದು, ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಸ್ಯಾನ್ ಬರ್ನಾರ್ಡಿನೋ ಧರ್ಮಕ್ಷೇತ್ರದ ಬಿಷಪ್ ಆಲ್ಬರ್ಟೊ ರೋಹಾಸ್ ಇನ್ನೊಂದು ಬಗೆಯ ಆದೇಶವನ್ನು ಹೊರಡಿಸಿದರು. ವಲಸೆ ಅಧಿಕಾರಿಗಳ ಕೈಗೆ ಸಿಕ್ಕಿಬೀಳುವ ಭಯವಿರುವ ಕ್ಯಾಥೊಲಿಕರು ಭಾನುವಾರದ ಬಲಿಪೂಜೆಗೆ ಬರಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಅದು ಹೇಳಿತು. ಆ ವರ್ಷದ ಜನವರಿಯಲ್ಲಿ ಸರ್ಕಾರವು ಚರ್ಚು, ಶಾಲೆ, ಆಸ್ಪತ್ರೆಗಳಿಗೆ ಇದ್ದ ರಕ್ಷಣೆಯ ನಿಯಮವನ್ನು ತೆಗೆದುಹಾಕಿತ್ತು. ಜೂನ್ 6ರಿಂದ ಲಾಸ್ ಏಂಜಲೀಸ್‌ನಲ್ಲಿ ದಾಳಿಗಳು ಮೊದಲಾಗಿದ್ದವು.

ಎರಡೂ ದಾಖಲೆಗಳು ಧರ್ಮ ಮತ್ತು ರಾಜಕೀಯಕ್ಕೆ ಸಂಬಂಧಿಸಿದವೇ. ಒಂದು ಪಾದ್ರಿಯ ನಾಲಿಗೆಯ ಕಟ್ಟು ಬಿಚ್ಚಿತು; ಇನ್ನೊಂದು, ಆ ನಾಲಿಗೆಯ ಮುಂದೆ ಕುಳಿತಿರಬೇಕಾದ ಜನ ಮನೆಯಿಂದ ಹೊರಗೆ ಕಾಲಿಡಲಾರರು ಎಂಬುದನ್ನು ಒಪ್ಪಿಕೊಂಡಿತು. ಪಾದ್ರಿಗಳು ಪ್ರಸಂಗವೇದಿಕೆಯಿಂದ ರಾಜಕೀಯ ಮಾತನಾಡಬಹುದೆ ಎಂಬ ಹಳೆಯ ಪ್ರಶ್ನೆಯನ್ನು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಇಂದು ಈ ಎರಡು ಕಾಗದಗಳ ನಡುವೆ ನಿಂತೇ ಕೇಳಬೇಕಾಗಿದೆ.

ಕನ್ನಡ ಕ್ರೈಸ್ತರು ಪಾದ್ರಿಯ ಬೋಧನೆಯನ್ನು ಪ್ರಸಂಗ ಎನ್ನುತ್ತಾರೆ. ಯಕ್ಷಗಾನದ ಕಥೆಗೂ ಅದೇ ಹೆಸರು. ತನ್ನ ಅಧಿಕಾರಕ್ಕೆ ಮೀರಿದ ಮಾತನಾಡುವವನನ್ನು ಕನ್ನಡವು ಅಧಿಕಪ್ರಸಂಗಿ ಎಂದು ಕರೆದು ಕೂರಿಸುತ್ತದೆ. ಪ್ರಸಂಗವು ಅಧಿಕಪ್ರಸಂಗವಾಗುವ ಗೆರೆ ಎಲ್ಲಿದೆ ಎಂಬುದೇ ಇಲ್ಲಿಯ ಪ್ರಶ್ನೆ. ಅಮೆರಿಕದ ಕಾನೂನು ಆ ಗೆರೆಯನ್ನು ವಿಷಯದ ಮೇಲೆ ಎಳೆದಿದೆ: ನೀತಿಯ ಬಗ್ಗೆ ಮಾತನಾಡು, ಅಭ್ಯರ್ಥಿಯ ಬಗ್ಗೆ ಬೇಡ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋಗಳ ನೂರು ವರ್ಷದ ಅನುಭವ ಇನ್ನೊಂದು ಗೆರೆಯನ್ನು ಸೂಚಿಸುತ್ತದೆ. ಮಾತಿಗೆ ಬೆಲೆ ತೆರುವವರು ಯಾರು, ಕೇಳಿಸಿಕೊಂಡವರಿಗೆ ಎದುರಾಡುವ ಅವಕಾಶವಿದೆಯೆ ಎಂಬುದು ಆ ಗೆರೆ.

1926ರಲ್ಲಿ ಲಾಸ್ ಏಂಜಲೀಸ್ ನಗರದ ಮಧ್ಯಭಾಗದಲ್ಲಿದ್ದ ಟ್ರಿನಿಟಿ ಮೆಥಡಿಸ್ಟ್ ಚರ್ಚಿನ ಪಾದ್ರಿ ರಾಬರ್ಟ್ ಶುಲರ್ ಕೆಜಿಇಎಫ್ ಎಂಬ ರೇಡಿಯೋ ನಿಲಯವನ್ನು ಆರಂಭಿಸಿದರು. ಜನ ಅವರನ್ನು ‘ಜಗಳಗಂಟ ಬಾಬ್’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಪೊಲೀಸರ ಲಂಚ, ಸರ್ಕಾರಿ ವಕೀಲರ ಭ್ರಷ್ಟತೆ, ಕಳ್ಳಭಟ್ಟಿಯವರ ಜೊತೆ ನಗರಾಡಳಿತದ ಒಳಒಪ್ಪಂದ ಇವನ್ನೆಲ್ಲ ಅವರು ಹೆಸರು ಹಿಡಿದು ಬಯಲಿಗೆಳೆದರು. ಹೇಳಿದ್ದರಲ್ಲಿ ನಿಜವಿದ್ದುದೂ ಉಂಟು. ಅದೇ ಉಸಿರಿನಲ್ಲಿ ಯೆಹೂದ್ಯರನ್ನು, ಕ್ಯಾಥೊಲಿಕರನ್ನು ಹೀಯಾಳಿಸಿದರು. 1929ರಲ್ಲಿ ಜಾನ್ ಪೋರ್ಟರ್ ಮೇಯರ್ ಆಗುವಲ್ಲಿ ಶುಲರ್ ಅವರ ಪ್ರಚಾರ ದೊಡ್ಡ ಪಾತ್ರ ವಹಿಸಿತು. ಆ ಪೋರ್ಟರ್ ಹಿಂದೆ ಕ್ಲು ಕ್ಲಕ್ಸ್ ಕ್ಲಾನಿನ ಸದಸ್ಯರಾಗಿದ್ದವರು. 1931ರಲ್ಲಿ ಫೆಡರಲ್ ರೇಡಿಯೋ ಆಯೋಗ ನಿಲಯದ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು, 1932ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಅದೇ ವರ್ಷ ಸೆನೆಟ್ಟಿಗೆ ನಿಂತ ಶುಲರ್ ಸೋತರು, ಆದರೆ ಐದು ಲಕ್ಷಕ್ಕೂ ಹೆಚ್ಚು ಮತಗಳನ್ನು ಪಡೆದರು.

ಶುಲರ್ ಅವರ ಕಥೆಯಲ್ಲಿ ಪ್ರಗತಿಪರರಿಗೆ ಇರಿಸುಮುರಿಸು ತರುವ ಸಂಗತಿಯಿದೆ. ಭ್ರಷ್ಟತೆಯ ವಿರುದ್ಧ ಪೀಠದಿಂದ ಗುಡುಗುವವನನ್ನು ಮೆಚ್ಚುವುದು ಸುಲಭ. ಆದರೆ ಅದೇ ಗುಡುಗು ನೆರೆಮನೆಯ ಅಲ್ಪಸಂಖ್ಯಾತನ ಮೇಲೂ ಎರಗಿತು. ಕೇಳುಗ ಅವೆರಡನ್ನು ಬೇರ್ಪಡಿಸಲಾರದವನಾದ. ಒಂದೇ ದನಿ, ಒಂದೇ ಬೈಬಲ್ಲು, ಒಂದೇ ಖಾತ್ರಿ.

1954ಕ್ಕೆ ಬಂದರೆ ಒಂದೇ ವರ್ಷದಲ್ಲಿ ಎರಡು ಘಟನೆಗಳು ಎದುರಾಗುತ್ತವೆ. ಆ ಜುಲೈ 2ರಂದು ಟೆಕ್ಸಸ್‌ನ ಸೆನೆಟರ್ ಲಿಂಡನ್ ಜಾನ್ಸನ್ ತೆರಿಗೆ ಮಸೂದೆಗೆ ಒಂದು ತಿದ್ದುಪಡಿಯನ್ನು ತಂದರು. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಯಾವುದೇ ಅಭ್ಯರ್ಥಿಯ ಚುನಾವಣಾ ಪ್ರಚಾರದಲ್ಲಿ ಭಾಗವಹಿಸಕೂಡದು ಎಂಬುದು ಅದರ ಸಾರ. ಚರ್ಚೆಯಿಲ್ಲದೆ ಧ್ವನಿಮತದಿಂದ ಅದು ಅಂಗೀಕಾರವಾಯಿತು. ಜಾನ್ಸನ್ನರ ಕಣ್ಣಿದ್ದದ್ದು ಚರ್ಚುಗಳ ಮೇಲಲ್ಲ. ತಮ್ಮನ್ನು ಕಮ್ಯುನಿಸ್ಟರಿಗೆ ಮೆದುವೆಂದು ಜರೆಯುತ್ತಿದ್ದ ಬಲಪಂಥೀಯ ಸಂಸ್ಥೆಗಳ ಮೇಲೆ. ಬಲೆ ಬೀಸಿದ್ದು ಒಂದು ಮೀನಿಗೆ, ಸಿಕ್ಕಿದ್ದು ಇಡೀ ಕೆರೆ.

ಅದೇ ವರ್ಷ ಲಾಸ್ ಏಂಜಲೀಸ್‌ನ ಫಸ್ಟ್ ಯೂನಿಟೇರಿಯನ್ ಚರ್ಚು ಇನ್ನೊಂದು ಕಾಗದಕ್ಕೆ ಸಹಿ ಹಾಕಲು ನಿರಾಕರಿಸಿತು. ಸರ್ಕಾರವನ್ನು ಬಲಾತ್ಕಾರದಿಂದ ಉರುಳಿಸುವುದನ್ನು ತಾವು ಪ್ರತಿಪಾದಿಸುವುದಿಲ್ಲವೆಂದು ಪ್ರಮಾಣ ಮಾಡಿದವರಿಗೆ ಮಾತ್ರ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಎಂದು ಕ್ಯಾಲಿಫೋರ್ನಿಯ 1953ರಲ್ಲಿ ಕಾನೂನು ಮಾಡಿತ್ತು. ಅಲ್ಲಿಯ ಪಾದ್ರಿ ಸ್ಟೀಫನ್ ಫ್ರಿಚ್‌ಮನ್ ಅದಾಗಲೇ ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿಯ ಮುಂದೆ ನಿಂತು ಬಂದಿದ್ದವರು. ಸಭೆ ಸಹಿ ಹಾಕಲಿಲ್ಲ. ವಿನಾಯಿತಿ ಹೋಯಿತು. ಪ್ರತಿಭಟಿಸುತ್ತಲೇ ತೆರಿಗೆಯನ್ನು ಕಟ್ಟಿ, ಆಮೇಲೆ ನ್ಯಾಯಾಲಯದ ಮೆಟ್ಟಿಲೇರಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತು, 1958ರ ಜೂನ್ 30ರಂದು ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದಿತು. ತಾನು ನಿಷ್ಠಾವಂತನೆಂದು ರುಜುವಾತು ಮಾಡುವ ಹೊರೆಯನ್ನು ತೆರಿಗೆದಾರನ ಮೇಲೆ ಹೊರಿಸಿದರೆ ಅವನು ಹೇಳಬಹುದಾದ ಮಾತನ್ನೂ ನುಂಗಿಕೊಳ್ಳುತ್ತಾನೆ ಎಂಬುದು ಅಂದಿನ ತೀರ್ಪಿನ ಮುಖ್ಯ ವಾದ.

ಈ ಎರಡನ್ನೂ ಒಟ್ಟಿಗೆ ನೋಡಿದಾಗ ತೆರಿಗೆ ವಿನಾಯಿತಿಯ ಸ್ವರೂಪ ತಿಳಿಯುತ್ತದೆ. ಅದು ಸರ್ಕಾರದ ಕೈಯಲ್ಲಿರುವ ಮೂಗುದಾರವೂ ಹೌದು. ಜೊತೆಗೆ ಇನ್ನೊಂದು ಕಡೆಯಿಂದ ನೋಡಿದರೆ ಅದು ಎಲ್ಲ ತೆರಿಗೆದಾರರು ಸೇರಿ ಕೊಡುವ ದೇಣಿಗೆಯೂ ಹೌದು. ಚರ್ಚಿಗೆ ಕೊಟ್ಟ ಹಣವನ್ನು ದಾನಿ ತನ್ನ ಆದಾಯದಿಂದ ಕಳೆದು ತೋರಿಸಬಹುದು; ಅಭ್ಯರ್ಥಿಗೆ ಕೊಟ್ಟ ಹಣವನ್ನು ಕಳೆಯುವಂತಿಲ್ಲ. ಬೇರೆ ಧರ್ಮಾರ್ಥ ಸಂಸ್ಥೆಗಳು ಪ್ರತಿವರ್ಷ ಸಲ್ಲಿಸಬೇಕಾದ ಲೆಕ್ಕಪತ್ರದಿಂದಲೂ ಚರ್ಚುಗಳಿಗೆ ವಿನಾಯಿತಿಯಿದೆ. ಹೀಗಿರುವಾಗ ಪೀಠವು ಅಭ್ಯರ್ಥಿಯ ಪ್ರಚಾರಕ್ಕೆ ತೆರೆದುಕೊಂಡರೆ, ಮೂಲ ಗೊತ್ತಾಗದ ಹಣ ರಿಯಾಯಿತಿಯೊಂದಿಗೆ ರಾಜಕೀಯಕ್ಕೆ ಹರಿಯಲು ಒಂದು ಕಾಲುವೆ ಸಿಕ್ಕಂತಾಗುತ್ತದೆ. ವಾಕ್‌ಸ್ವಾತಂತ್ರ್ಯದ ಮಾತಿನ ಗದ್ದಲದಲ್ಲಿ ಈ ಒಣ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಬೆಲೆ ತೆತ್ತು ಮಾತನಾಡಿದವರ ಸಾಲಿನಲ್ಲಿ ಲೂಯಿಸ್ ಒಲಿವಾರೆಸ್ ಅವರನ್ನು ಮರೆಯಲಾಗದು. ಓಲ್ವೆರಾ ಬೀದಿಯ ಬಳಿಯಿರುವ, ಜನರ ಬಾಯಲ್ಲಿ ಲಾ ಪ್ಲಸಿತಾ ಎನಿಸಿಕೊಂಡ ಹಳೆಯ ಚರ್ಚಿನ ಪಾದ್ರಿ ಅವರು. 1985ರ ಡಿಸೆಂಬರ್ 12, ಗ್ವಾಡಲೂಪೆ ಮಾತೆಯ ಹಬ್ಬದ ದಿನ, ಆ ಚರ್ಚನ್ನು ಮಧ್ಯ ಅಮೆರಿಕದ ನಿರಾಶ್ರಿತರಿಗೆ ಆಶ್ರಯಸ್ಥಾನವೆಂದು ಬಹಿರಂಗವಾಗಿ ಘೋಷಿಸಿದರು. ಎಲ್ ಸಾಲ್ವಡಾರಿನ ಸೇನೆಗೆ ಶಸ್ತ್ರ ಕೊಡುತ್ತಿದ್ದ ಸರ್ಕಾರವೇ ಅಲ್ಲಿಂದ ತಪ್ಪಿಸಿಕೊಂಡು ಬಂದವರನ್ನು ನಿರಾಶ್ರಿತರೆಂದು ಒಪ್ಪಲು ಹಿಂಜರಿಯುತ್ತಿದ್ದ ಕಾಲ ಅದು. ಹಗಲು ಪ್ರಾರ್ಥನೆ ನಡೆಯುತ್ತಿದ್ದ ಕಟ್ಟಡದಲ್ಲಿ ರಾತ್ರಿ ಜನ ಮಲಗತೊಡಗಿದರು. ಆಮೇಲೆ ಈ ಆಶ್ರಯವನ್ನು ದಾಖಲೆಗಳಿಲ್ಲದ ಎಲ್ಲ ಕೆಲಸಗಾರರಿಗೂ ವಿಸ್ತರಿಸಿದರು. ಸರ್ಕಾರದ ಜೊತೆಗೆ ತಮ್ಮದೇ ಧರ್ಮಮಂಡಲದ ಮೇಲಿನವರ ಅಸಮಾಧಾನವನ್ನೂ ಎದುರಿಸಿದರು. ಒಲಿವಾರೆಸ್ ಆಡಿದ್ದು ಅಪ್ಪಟ ರಾಜಕೀಯ. ಆದರೆ ಆ ಮಾತಿನ ಕೊನೆಯಲ್ಲಿ ಯಾರಿಗೂ ಮತಪೆಟ್ಟಿಗೆಯ ದಾರಿ ತೋರಿಸಿರಲಿಲ್ಲ. ಒಂದು ಬಾಗಿಲು ತೆರೆದಿತ್ತು, ಅದರ ಹೊಣೆಯನ್ನು ಹೊತ್ತವರು ಅವರೇ.

ನಾಲ್ಕು ವರ್ಷಗಳ ನಂತರ ಅದೇ ಕ್ಯಾಥೊಲಿಕ್ ಸಭೆ, ನೂರಿಪ್ಪತ್ತು ಮೈಲಿ ದಕ್ಷಿಣದಲ್ಲಿ, ಬೇರೆಯದೇ ಮುಖ ತೋರಿಸಿತು. 1989ರ ನವೆಂಬರಿನಲ್ಲಿ ಸ್ಯಾನ್ ಡಿಯಾಗೋದ ಬಿಷಪ್ ಲಿಯೋ ಮಾಹರ್, ರಾಜ್ಯ ಸೆನೆಟ್ಟಿನ ವಿಶೇಷ ಚುನಾವಣೆಗೆ ನಿಂತಿದ್ದ ಲೂಸಿ ಕಿಲಿಯಾ ಅವರಿಗೆ ಪರಮಪ್ರಸಾದವನ್ನು ನಿಷೇಧಿಸಿದರು. ಗರ್ಭಪಾತದ ಹಕ್ಕನ್ನು ಆಕೆ ಬೆಂಬಲಿಸಿದ್ದೇ ಕಾರಣ. ಬಿಷಪ್ ಯಾರಿಗೂ ಮತ ಹಾಕಿರೆಂದಾಗಲಿ ಹಾಕಬೇಡಿರೆಂದಾಗಲಿ ಹೇಳಲಿಲ್ಲ. ತೆರಿಗೆ ಕಾನೂನಿನ ಅಕ್ಷರಕ್ಕೆ ಇದು ಸಿಗದೆ ಜಾರಿಕೊಳ್ಳುತ್ತದೆ. ಆದರೆ ಮತದಾನಕ್ಕೆ ವಾರಗಳಷ್ಟೇ ಉಳಿದಿರುವಾಗ ಅಭ್ಯರ್ಥಿಯೊಬ್ಬಳನ್ನು ದೇವರ ಪಂಕ್ತಿಯಿಂದ ಎಬ್ಬಿಸುವುದಕ್ಕಿಂತ ದೊಡ್ಡ ರಾಜಕೀಯ ಭಾಷಣ ಯಾವುದಿದೆ? ಪಂಕ್ತಿಯಿಂದ ಎಬ್ಬಿಸುವುದೆಂದರೇನು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್ 5ರಂದು ಕಿಲಿಯಾ ರಿಪಬ್ಲಿಕನ್ನರ ಕೋಟೆಯಂತಿದ್ದ ಕ್ಷೇತ್ರದಲ್ಲಿ ಸಣ್ಣ ಅಂತರದಿಂದ ಗೆದ್ದರು. ಬಿಷಪ್ ಕೊಟ್ಟ ಪ್ರಚಾರವೇ ಗೆಲ್ಲಿಸಿತೆಂದು ಅಂದು ಹಲವರು ಹೇಳಿದರು. ಒಲಿವಾರೆಸ್ ಅಧಿಕಾರದಲ್ಲಿದ್ದವರ ಎದುರು ಬಾಗಿಲು ತೆರೆದರೆ, ಮಾಹರ್ ತಮ್ಮ ಕೈಕೆಳಗಿದ್ದ ಭಕ್ತಳೊಬ್ಬಳಿಗೆ ಬಾಗಿಲು ಮುಚ್ಚಿದರು. ಇಬ್ಬರೂ ರಾಜಕೀಯ ಮಾಡಿದರೆಂದು ಒಂದೇ ತಕ್ಕಡಿಯಲ್ಲಿ ತೂಗಿದರೆ ತೂಕವೇ ತಪ್ಪುತ್ತದೆ.

ಕಾನೂನು ಎಳೆದ ಗೆರೆ ಎಷ್ಟು ತೆಳುವೆಂಬುದು ಪ್ಯಾಸಡೀನಾದ ಆಲ್ ಸೇಂಟ್ಸ್ ಚರ್ಚಿನಲ್ಲಿ ಗೊತ್ತಾಯಿತು. 2004ರ ಅಕ್ಟೋಬರ್ 31, ಅಧ್ಯಕ್ಷೀಯ ಚುನಾವಣೆಗೆ ಎರಡು ದಿನ ಮುಂಚಿನ ಭಾನುವಾರ. ಹಿಂದೆ ಅಲ್ಲಿ ಪಾದ್ರಿಯಾಗಿದ್ದು ನಿವೃತ್ತರಾಗಿದ್ದ ಜಾರ್ಜ್ ರೀಗಸ್, ಯೇಸು ಬಂದು ಜಾರ್ಜ್ ಬುಷ್ ಮತ್ತು ಜಾನ್ ಕೆರಿಯವರೊಡನೆ ಚರ್ಚೆಗೆ ಕೂತರೆ ಏನಾದೀತೆಂದು ಕಲ್ಪಿಸಿ ಪ್ರಸಂಗ ಮಾಡಿದರು. ಯಾರಿಗೆ ಮತ ಹಾಕಬೇಕೆಂದು ಹೇಳಲು ಬಂದಿಲ್ಲ, ಎರಡೂ ಕಡೆ ಒಳ್ಳೆಯ ಕ್ರೈಸ್ತರಿದ್ದಾರೆ ಎಂದೇ ಆರಂಭಿಸಿದರು. ಆದರೆ ಇರಾಕ್ ಯುದ್ಧವನ್ನೂ ಮುಂಗಡ ದಾಳಿಯ ಸಿದ್ಧಾಂತವನ್ನೂ ಯೇಸುವಿನ ಬಾಯಲ್ಲಿ ಕಟುವಾಗಿ ಖಂಡಿಸಿದರು. 2005ರ ಜೂನಿನಲ್ಲಿ ತೆರಿಗೆ ಇಲಾಖೆಯ ಪತ್ರ ಬಂತು. ಚರ್ಚು ತಪ್ಪೊಪ್ಪಿಕೊಳ್ಳಲಿಲ್ಲ, 2006ರಲ್ಲಿ ಕೇಳಿದ ದಾಖಲೆಗಳನ್ನೂ ಕೊಡಲಿಲ್ಲ. 2007ರ ಸೆಪ್ಟೆಂಬರಿನಲ್ಲಿ ಇಲಾಖೆ ತನಿಖೆಯನ್ನು ಮುಚ್ಚಿತು. ಆ ಪ್ರಸಂಗ ಚುನಾವಣೆಯಲ್ಲಿ ಹಸ್ತಕ್ಷೇಪವೇ ಎಂದಿತು, ಏಕೆಂದು ವಿವರಿಸಲಿಲ್ಲ, ದಂಡವನ್ನೂ ವಿಧಿಸಲಿಲ್ಲ.

ಇಂಥ ಅಸ್ಪಷ್ಟತೆ ಯಾವ ಸ್ಪಷ್ಟ ನಿಷೇಧಕ್ಕಿಂತಲೂ ಹೆಚ್ಚು ಕೆಡುಕನ್ನು ಮಾಡುತ್ತದೆ. ಧೈರ್ಯವಂತರು ಹೇಗೂ ಮಾತನಾಡುತ್ತಾರೆ. ಅಂಜುವವರು ಯುದ್ಧದ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ರೀಗಸ್ ಅವರ ವಿಚಾರವನ್ನು ಒಪ್ಪದ ಸಂಪ್ರದಾಯನಿಷ್ಠ ಪಾದ್ರಿಗಳೂ ಅಂದು ಆಲ್ ಸೇಂಟ್ಸ್‌ನ ಪರವಾಗಿ ಮಾತನಾಡಿದರು. ಅವರಿಗೆ ಬೇರೆ ಲೆಕ್ಕಾಚಾರವಿತ್ತೆಂಬುದು ಬೇಗನೇ ತಿಳಿದುಬಂತು.

2008ರ ಸೆಪ್ಟೆಂಬರ್ 28ರಂದು ಅಲಯನ್ಸ್ ಡಿಫೆನ್ಸ್ ಫಂಡ್ ಎಂಬ ಸಂಘಟನೆಯ ಕರೆಗೆ ಓಗೊಟ್ಟು ಮೂವತ್ಮೂರು ಪಾದ್ರಿಗಳು ಬೇಕೆಂದೇ ಅಭ್ಯರ್ಥಿಗಳ ಬಗ್ಗೆ ಪ್ರಸಂಗ ಮಾಡಿದರು. ‘ಪುಲ್ಪಿಟ್ ಸ್ವಾತಂತ್ರ್ಯದ ಭಾನುವಾರ’ ಎಂದು ಅದಕ್ಕೆ ಹೆಸರು. ಮುಂದಿನ ವರ್ಷಗಳಲ್ಲಿ ಈ ಆಂದೋಲನದ ಮುಂಚೂಣಿಯಲ್ಲಿ ನಿಂತವರು ಸ್ಯಾನ್ ಡಿಯಾಗೋ ಪಕ್ಕದ ಲಾ ಮೇಸಾದ ಸ್ಕೈಲೈನ್ ಚರ್ಚಿನ ಜಿಮ್ ಗಾರ್ಲೋ. ಭಾಗವಹಿಸಿದವರು ಸಾವಿರ ದಾಟಿದರು. ಶಿಕ್ಷಿಸಿ ನೋಡಿ ಎಂದು ಇಲಾಖೆಗೆ ಸವಾಲೊಡ್ಡಿದರೂ ಇಲಾಖೆ ಕಣ್ಣು ಮುಚ್ಚಿ ಕೂತಿತು. ಇದನ್ನು ಫ್ರಿಚ್‌ಮನ್ನರ ಸಭೆಯ ಜೊತೆ ಹೋಲಿಸಿ ನೋಡಬೇಕು. ಅವರು ವಿನಾಯಿತಿ ಬಿಟ್ಟು, ತೆರಿಗೆ ಕಟ್ಟಿ ಮಾತಿನ ಹಕ್ಕನ್ನು ಉಳಿಸಿಕೊಂಡರು. ಇವರಿಗೆ ಹಕ್ಕೂ ಬೇಕು, ವಿನಾಯಿತಿಯೂ ಬೇಕು.

ಅದೇ 2008ರಲ್ಲಿ ಸಲಿಂಗ ವಿವಾಹವನ್ನು ನಿಷೇಧಿಸುವ ಎಂಟನೆಯ ಪ್ರಸ್ತಾವ ಕ್ಯಾಲಿಫೋರ್ನಿಯದ ಮತದಾರರ ಮುಂದಿತ್ತು. ಗಾರ್ಲೋ ಅದರ ಪರವಾಗಿ ಪಾದ್ರಿಗಳನ್ನು ಸಂಘಟಿಸಿದರು. ಮತದಾನಕ್ಕೆ ಮೂರು ದಿನ ಮುಂಚೆ ಸ್ಯಾನ್ ಡಿಯಾಗೋದ ಕ್ವಾಲ್ಕಾಮ್ ಕ್ರೀಡಾಂಗಣದಲ್ಲಿ ಉಪವಾಸ ಪ್ರಾರ್ಥನೆಯ ಬೃಹತ್ ಸಭೆಯೊಂದು ನಡೆಯಿತು. ಅತ್ತ ಲಾಸ್ ಏಂಜಲೀಸ್‌ನ ಜಾನ್ ಬ್ರೂನೋ ಸೇರಿದಂತೆ ರಾಜ್ಯದ ಎಪಿಸ್ಕೋಪಲ್ ಬಿಷಪ್ಪರೆಲ್ಲ ಪ್ರಸ್ತಾವವನ್ನು ವಿರೋಧಿಸಿದರು. ಅಂದರೆ ಒಂದೇ ಭಾನುವಾರ, ಒಂದೇ ಹೆದ್ದಾರಿಯ ಎರಡು ತುದಿಗಳಲ್ಲಿ, ಒಂದೇ ಯೇಸುವಿನ ಹೆಸರಿನಲ್ಲಿ ಎರಡು ವಿರುದ್ಧ ಆದೇಶಗಳು ಹೊರಟವು. ಪ್ರಸ್ತಾವವೆಂಬುದು ಅಭ್ಯರ್ಥಿಯಲ್ಲವಾದ್ದರಿಂದ ಕಾನೂನು ಇದನ್ನು ಮಿತಿಯೊಳಗೆ ಅನುಮತಿಸುತ್ತದೆ. ಪ್ರಸ್ತಾವ ಶೇ. 52ರಷ್ಟು ಮತಗಳೊಂದಿಗೆ ಗೆದ್ದಿತು. ಬಳಿಕ ನ್ಯಾಯಾಲಯಗಳಲ್ಲಿ ಬಿದ್ದುಹೋಯಿತು. 2024ರ ನವೆಂಬರಿನಲ್ಲಿ ಮತದಾರರೇ ಆ ವಾಕ್ಯವನ್ನು ಸಂವಿಧಾನದಿಂದ ಅಳಿಸಿದರು.

ಈ ಬಗೆಯ ಉದಾಹರಣೆಗಳನ್ನು ನೋಡಿದ ಪ್ರಗತಿಪರನಿಗೆ, ಪಾದ್ರಿಗಳೆಲ್ಲ ಬಾಯಿ ಮುಚ್ಚಿಕೊಂಡಿರಲಿ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಫಸ್ಟ್ ಎಎಂಇ ಚರ್ಚಿನ ಎದುರು ನಿಂತು ಆ ಮಾತನ್ನು ಹೇಳುವುದು ಕಷ್ಟ. ಲಾಸ್ ಏಂಜಲೀಸ್‌ನ ಕಪ್ಪು ಜನರ ಈ ಅತ್ಯಂತ ಹಳೆಯ ಚರ್ಚು 1872ರಲ್ಲಿ ಬಿಡ್ಡಿ ಮೇಸನ್ ಅವರ ಮನೆಯಲ್ಲಿ ಹುಟ್ಟಿತು. ಆಕೆ 1856ರಲ್ಲಿ ಅದೇ ಊರಿನ ನ್ಯಾಯಾಲಯದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ರಾಡ್ನಿ ಕಿಂಗ್ ಪ್ರಕರಣದ ಪೊಲೀಸರು ಖುಲಾಸೆಯಾದ 1992ರ ಏಪ್ರಿಲ್ 29ರ ಸಂಜೆ, ಮೇಯರ್ ಟಾಮ್ ಬ್ರಾಡ್ಲಿ ಮೊದಲ್ಗೊಂಡು ಸಾವಿರಾರು ಜನ ನೆರೆದದ್ದು ಅಲ್ಲಿಯೇ. ಪಾದ್ರಿ ಸೆಸಿಲ್ ಮರ್ರೆ ಶಾಂತಿಗಾಗಿ ಬೇಡಿಕೊಳ್ಳುತ್ತಿರುವಾಗ ಹೊರಗೆ ನಗರ ಉರಿಯತೊಡಗಿತ್ತು. ಪುರಭವನ, ಪಕ್ಷದ ಕಚೇರಿ, ಪತ್ರಿಕೆ ಯಾವುದೂ ತಮ್ಮದಲ್ಲದಿದ್ದ ಜನರಿಗೆ ಚರ್ಚೊಂದೇ ಸಭಾಂಗಣವಾಗಿತ್ತು. ಚುನಾವಣೆ ಬಂದಾಗ ಅಭ್ಯರ್ಥಿಗಳು ಅಂಥ ಚರ್ಚುಗಳ ಬಾಗಿಲಿಗೆ ಬರುವುದೂ, ಪಾದ್ರಿ ಅವರನ್ನು ಎದುರಿಗೆ ನಿಲ್ಲಿಸಿ ಮಾತನಾಡಿಸುವುದೂ ರೂಢಿ. ಗೆರೆಯನ್ನು ಎಷ್ಟು ನೇರವಾಗಿ ಎಳೆದರೂ ಇಲ್ಲಿ ಅದು ಡೊಂಕಾಗುತ್ತದೆ, ಡೊಂಕಾಗಲಿ. ಅಭ್ಯರ್ಥಿ ಜನರ ಮುಂದೆ ಬಂದು ಉತ್ತರ ಕೊಡುವುದಕ್ಕೂ, ಪಾದ್ರಿ ಜನರ ಪರವಾಗಿ ಮತವನ್ನು ಧಾರೆಯೆರೆಯುವುದಕ್ಕೂ ಇರುವ ಅಂತರ ಆ ಜನರಿಗೆ ಚೆನ್ನಾಗಿ ಗೊತ್ತಿದೆ.

ಮಾತಿನ ನೈತಿಕ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಕಾರ್ಡಿನಲ್ ರಾಜರ್ ಮಹೋನಿ ಅವರ ಬದುಕು ಕಹಿಯಾದ ಉತ್ತರ. 2006ರ ಮಾರ್ಚ್ 1, ವಿಭೂತಿ ಬುಧವಾರ, ದಾಖಲೆಗಳಿಲ್ಲದವರಿಗೆ ನೆರವಾಗುವುದನ್ನೇ ಅಪರಾಧವಾಗಿಸುವ ಮಸೂದೆ ಜಾರಿಗೆ ಬಂದರೆ ತಮ್ಮ ಪಾದ್ರಿಗಳು ಅದನ್ನು ಉಲ್ಲಂಘಿಸಬೇಕೆಂದು ಅವರು ಕರೆಕೊಟ್ಟರು. ಆ ತಿಂಗಳ 25ರಂದು ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ನಡೆದವರ ಸಂಖ್ಯೆ ಪೊಲೀಸರ ಅಂದಾಜಿನಂತೆ ಐದು ಲಕ್ಷ. ಮಸೂದೆ ಕಾನೂನಾಗಲಿಲ್ಲ. ಪ್ರಸಂಗವೇದಿಕೆಯಿಂದ ಬಂದ ಶ್ರೇಷ್ಠ ರಾಜಕೀಯ ಮಾತುಗಳಲ್ಲಿ ಅದೊಂದು. ಆದರೆ ಅದೇ ಮಹೋನಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳ ಸಂಗತಿಯನ್ನು ಪೊಲೀಸರಿಂದ ಮರೆಮಾಚಲು ಯತ್ನಿಸಿದ್ದು ಚರ್ಚಿನದೇ ಕಡತಗಳಿಂದ ಹೊರಬಂತು. 2007ರಲ್ಲಿ ಲಾಸ್ ಏಂಜಲೀಸ್ ಮಹಾಧರ್ಮಕ್ಷೇತ್ರ ಸಂತ್ರಸ್ತರಿಗೆ 66 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. 2013ರಲ್ಲಿ ಉತ್ತರಾಧಿಕಾರಿ ಹೋಸೆ ಗೋಮೆಜ್ ಅವರು ಮಹೋನಿಯವರನ್ನು ಸಾರ್ವಜನಿಕ ಹೊಣೆಗಳಿಂದ ಬಿಡಿಸಿದರು. ಸರ್ಕಾರಕ್ಕೆ ಎದುರಾಡಬಲ್ಲ ಪೀಠದ ಮುಂದೆ ಒಂದು ಮಗು ಎದುರಾಡಲಾರದೆ ಹೋಗಿತ್ತು.

ಇಲ್ಲಿಯೇ ‘ಕುಟುಂಬದ ಮಾತುಕತೆ’ ಎಂಬ ತೆರಿಗೆ ಇಲಾಖೆಯ ಉಪಮೆ ಮುರಿದುಬೀಳುತ್ತದೆ. ಊಟದ ಮೇಜಿನ ಮುಂದೆ ಅಪ್ಪ ಒಬ್ಬ ಅಭ್ಯರ್ಥಿಯನ್ನು ಹೊಗಳಿದರೆ ಮಗಳು ಅಲ್ಲೇ ಮಾತು ತಡೆಯುತ್ತಾಳೆ, ಅಜ್ಜಿ ನಗುತ್ತಾಳೆ, ಅಳಿಯ ಎದ್ದು ಹೋಗುತ್ತಾನೆ. ಪ್ರಸಂಗದ ನಡುವೆ ಎದ್ದುನಿಂತು ಅದು ತಪ್ಪು ಎಂದವನನ್ನು ಸ್ವಯಂಸೇವಕರು ಹೊರಗೆ ಕರೆದೊಯ್ಯುತ್ತಾರೆ. ಕರಾವಳಿಯ ತಾಳಮದ್ದಳೆಯಲ್ಲಿ ಕೃಷ್ಣನ ಪಾತ್ರ ವಹಿಸಿದ ಅರ್ಥಧಾರಿ ಎಷ್ಟೇ ದೊಡ್ಡ ಪಂಡಿತನಾಗಿರಲಿ, ಎದುರಿಗೆ ಕೌರವನ ಅರ್ಥಧಾರಿ ಕೂತಿರುತ್ತಾನೆ. ದೇವರಿಗೂ ಅಲ್ಲಿ ಪುಕ್ಕಟೆ ಗೆಲುವಿಲ್ಲ. ‘ಶೂನ್ಯಸಂಪಾದನೆ’ಯ ಹಂದರವೇ ಸಂವಾದದ್ದು, ಅಲ್ಲಿ ಪ್ರಶ್ನೆಗೆ ಒಳಗಾಗದ ಶರಣರಿಲ್ಲ. ಚರ್ಚಿನ ಪ್ರಸಂಗಕ್ಕೂ ಗುಡಿಯ ಪ್ರವಚನಕ್ಕೂ ಮಠದ ಆಶೀರ್ವಚನಕ್ಕೂ ಈ ಎದುರು ಅರ್ಥಧಾರಿಯಿಲ್ಲ. ಆ ಕಾರಣಕ್ಕಾಗಿಯೇ, ಪ್ರತಿಸ್ಪರ್ಧಿಗಳ ನಡುವಣ ಆಯ್ಕೆಯಾದ ಚುನಾವಣೆಯನ್ನು ಅಲ್ಲಿಗೆ ತರುವುದು ಅಧಿಕಪ್ರಸಂಗ. ಬಡವನ ಮನೆಗೆ ನುಗ್ಗಿದ ಅಧಿಕಾರಿಯ ಬಗ್ಗೆ, ಬಾಂಬು ಬಿದ್ದ ಊರಿನ ಬಗ್ಗೆ ಅಲ್ಲಿ ಮಾತನಾಡುವುದು ಹಾಗಲ್ಲ. ಸಂತ್ರಸ್ತನ ಪರವಾಗಿ ಎದುರುತ್ತರ ಕೊಡಲು ಹಲವೊಮ್ಮೆ ಬೇರೆ ಸ್ಥಳವೇ ಇರುವುದಿಲ್ಲ.

ಕನ್ನಡಿಗರು ಇದನ್ನು ಪಕ್ಕದ ಮನೆಯ ಜಗಳವೆಂದು ನೋಡುವಂತಿಲ್ಲ. 2021ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸೇರಿದ ಮಠಾಧೀಶರು ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಕೂಡದೆಂದು ಪಕ್ಷಕ್ಕೆ ಎಚ್ಚರಿಕೆ ಕೊಟ್ಟರು; 26ರಂದು ಅವರು ರಾಜೀನಾಮೆ ಕೊಟ್ಟದ್ದು ಬೇರೆ ಮಾತು. ಧಾರ್ಮಿಕ ಸ್ಥಳಗಳನ್ನು ರಾಜಕೀಯಕ್ಕೆ ಬಳಸುವುದನ್ನು ತಡೆಯುವ 1988ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆಯೆಂಬುದು ಎಷ್ಟು ಜನರಿಗೆ ನೆನಪಿದೆ? ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆಯೆಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು–ಮೂರರ ಬಹುಮತದಿಂದ ವಿಶಾಲವಾಗಿ ಅರ್ಥೈಸಿತು. ಆದರೆ ಆ ಕಲಮು ಅಭ್ಯರ್ಥಿ, ಅವನ ಏಜೆಂಟ್, ಇಲ್ಲವೆ ಅವನ ಸಮ್ಮತಿಯಿಂದ ಮಾತನಾಡಿದವರಿಗೆ ಸೀಮಿತ. ಸ್ವಾಮಿಗಳು ತಾವಾಗಿ ಹರಸಿದೆವೆಂದರೆ ಅದರ ಕೈ ತಲುಪುವುದು ಕಷ್ಟ. ಅಮೆರಿಕದಲ್ಲಿರುವುದು ತೆರಿಗೆ ವಿನಾಯಿತಿ. ಕರ್ನಾಟಕದಲ್ಲಿ ಅದರ ಮೇಲೆ ಬಜೆಟ್ಟಿನ ನೇರ ಅನುದಾನವೂ ಉಂಟು.

ಇನ್ನು ಈ ನೆಲದಲ್ಲಿ ಕನ್ನಡಿಗರು ಹೋಗುವ ಗುಡಿಗಳು. ಅವೂ ಬಹುಮಟ್ಟಿಗೆ ಅದೇ ತೆರಿಗೆ ಕಲಮಿನಡಿ ನಿಂತಿವೆ. ಜುಲೈ 7ರ ಮನವಿಯ ‘ಪ್ರಾರ್ಥನಾಲಯ’ ಎಂಬ ಪದದೊಳಗೆ ಅವೂ ಬರುತ್ತವೆ. 2023ರಲ್ಲಿ ಜಾತಿ ತಾರತಮ್ಯವನ್ನು ಸ್ಪಷ್ಟವಾಗಿ ನಿಷೇಧಿಸುವ ಎಸ್‌ಬಿ 403 ಮಸೂದೆ ಬಂದಾಗ ಹಿಂದೂ ಅಮೆರಿಕನ್ ಫೌಂಡೇಶನ್ ಮೊದಲಾದ ಸಂಘಟನೆಗಳು ಅದನ್ನು ಧರ್ಮದ ಮೇಲಿನ ದಾಳಿಯೆಂದು ವಿರೋಧಿಸಿದವು. ದಲಿತ ಸಂಘಟನೆಗಳು, ರವಿದಾಸಿಯಾ ಸಮುದಾಯದವರು ಅದರ ಪರವಾಗಿ ನಿಂತರು. ಎರಡೂ ಸದನಗಳಲ್ಲಿ ಗೆದ್ದ ಮಸೂದೆಯನ್ನು ಅಕ್ಟೋಬರ್ 7ರಂದು ಗವರ್ನರ್ ನ್ಯೂಸಮ್ ತಡೆಹಿಡಿದರು. ಮಸೂದೆಯ ಬಗ್ಗೆ ಗುಡಿಯಲ್ಲಿ ಮಾತನಾಡುವುದು ಕಾನೂನಿಗೆ ಸಮ್ಮತವೇ. ಆದರೆ ಪ್ರಸಾದದ ಸಾಲಿನಲ್ಲಿ ತನ್ನ ಜಾತಿ ಹೇಳಿಕೊಳ್ಳದೆ ನಿಂತಿರುವ ದಲಿತ ಯುವತಿಯೊಬ್ಬಳು, ಜಾತಿಯೆಂಬುದೇ ಇಲ್ಲಿಲ್ಲ ಎಂಬ ಮಾತನ್ನು ಧ್ವನಿವರ್ಧಕದಲ್ಲಿ ಕೇಳಿದಾಗ, ಅವಳಿಗೆ ಎದುರಾಡಲು ಜಾಗವೆಲ್ಲಿ? ಚರ್ಚಿನ ರಾಜಕೀಯವನ್ನು ಖಂಡಿಸಿ ಲೇಖನ ಬರೆಯುವವರು ಗುಡಿಯ ಆಡಳಿತ ಮಂಡಳಿಯ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದರೆ ಆಗ ಮಾತಿಗೆ ಬೆಲೆ ತೆತ್ತಂತಾಗುತ್ತದೆ.

ಆಡಿದ ಮಾತುಗಳ ಲೆಕ್ಕದಲ್ಲಿ ಆಡದೆ ಮಾಡಿದ ಒಂದು ಕೆಲಸವನ್ನೂ ಸೇರಿಸಬೇಕು. ಪೋಪ್ ಹದಿನಾಲ್ಕನೆಯ ಲಿಯೋ ಅವರು 2025ರ ಮೇ ತಿಂಗಳಲ್ಲಿ ಸ್ಯಾನ್ ಡಿಯಾಗೋಗೆ ನೇಮಿಸಿದ ಬಿಷಪ್ ಮೈಕಲ್ ಫಾಮ್, ಬಾಲಕನಾಗಿದ್ದಾಗ ವಿಯೆಟ್ನಾಮಿನಿಂದ ದೋಣಿಯಲ್ಲಿ ಪಾರಾಗಿ ಬಂದ ನಿರಾಶ್ರಿತರು. ಆ ಜೂನ್ 20, ವಿಶ್ವ ನಿರಾಶ್ರಿತರ ದಿನ, ಅವರು ಬೇರೆ ಬೇರೆ ಧರ್ಮದ ಗುರುಗಳೊಂದಿಗೆ ನಗರದ ಫೆಡರಲ್ ಕಟ್ಟಡದಲ್ಲಿರುವ ವಲಸೆ ನ್ಯಾಯಾಲಯಕ್ಕೆ ಹೋದರು. ವಿಚಾರಣೆಗೆಂದು ಬಂದವರನ್ನು ಕೋಣೆಯಿಂದ ಹೊರಬರುತ್ತಿದ್ದಂತೆ ಹಿಡಿದೊಯ್ಯುವುದು ಆ ವಾರಗಳಲ್ಲಿ ನಡೆದಿತ್ತು. ಪಾದ್ರಿಗಳು ಯಾರನ್ನೂ ತಡೆಯಲಿಲ್ಲ, ಘೋಷಣೆ ಕೂಗಲಿಲ್ಲ. ಜನರ ಜೊತೆ ಒಳಗೆ ಕೂತರು, ಜೊತೆಯಲ್ಲೇ ಹೊರಗೆ ನಡೆದರು. ಪಡಸಾಲೆಯಲ್ಲಿ ಕಾದಿದ್ದ ಅಧಿಕಾರಿಗಳು ಅಂದು ಚದುರಿಹೋದರೆಂದು ಪತ್ರಿಕೆಗಳು ಬರೆದವು. ಮುಂದಿನ ತಿಂಗಳುಗಳಲ್ಲಿ ಸ್ವಯಂಸೇವಕರು ಸರದಿಯ ಮೇಲೆ ಆ ಪಡಸಾಲೆಗೆ ಹೋಗತೊಡಗಿದರು. ಎಲ್ಲ ದಿನವೂ ಅಧಿಕಾರಿಗಳು ಚದುರಲಿಲ್ಲ.